ಮಡುವಿನ ಮೀನು ಮೇಲೆ ಬಂದ ದಿನ

ಸೇತುವೆ ಕಂಡರೆ ನಿಲ್ಲುವುದು ನನ್ನ ಹಳೆಯ ಚಟ. ನಡೆದು ಹೋಗುತ್ತಿದ್ದರೆ ನಿಂತು ಬಗ್ಗಿ ನೋಡುತ್ತೇನೆ. ಬಸ್ಸಿನಲ್ಲಿದ್ದರೆ ನಿಲ್ಲಿಸುವಂತಿಲ್ಲವಲ್ಲ, ಕಿಟಕಿಯಿಂದ ಕತ್ತು ಹೊರಗೆ ಹಾಕುತ್ತೇನೆ. ಇದಕ್ಕಾಗಿ ಕಂಡಕ್ಟರುಗಳಿಂದ ಬೈಸಿಕೊಂಡಿದ್ದೇನೆ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು, ಪಾಪ, ನನಗೆ ಹೊಟ್ಟೆ ತೊಳಸುತ್ತಿದೆಯೆಂದು ತಿಳಿದು ತನ್ನ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ಕೊಟ್ಟಳು. ಬೇಡವೆಂದರೆ ಬೇಜಾರು ಮಾಡಿಕೊಂಡಾಳೆಂದು ವಿರಾಜಪೇಟೆಯವರೆಗೂ ಅದನ್ನು ಮೂಸುತ್ತಾ ಕೂತಿದ್ದೆ. ನಮ್ಮ ಯಜಮಾನರು ಬದುಕಿದ್ದಾಗ, ಇವಳ ಜೊತೆ ಸಂತೆಗೆ ಹೊರಡುವುದಾದರೆ ದಾರಿಯ ಮೋರಿಗಳನ್ನೆಲ್ಲ ಲೆಕ್ಕ ಹಾಕಿ ಬೇಗ ಹೊರಡಬೇಕು ಎಂದು ನೆಂಟರ ಮುಂದೆ ಆಡಿಕೊಳ್ಳುತ್ತಿದ್ದರು.

ಏನು ನೋಡುತ್ತೀ ಎಂದು ಕೇಳಿದವರಿಗೆ, ನೀರು ಎಷ್ಟಿದೆ ನೋಡಿದೆ ಎನ್ನುತ್ತೇನೆ. ಅದು ಸುಳ್ಳು. ನಾನು ನೋಡುವುದು ಮೀನನ್ನು. ಈಗ ಕಣ್ಣಿಗೆ ಪೊರೆ ಬಂದು, ತೆಗೆಸಿ, ದಪ್ಪ ಕನ್ನಡಕ ಹಾಕಿಯೂ ಆಯಿತು. ನೀರಿನಲ್ಲಿ ಅಲ್ಲಾಡುವುದು ಮೀನೋ ಮರದ ನೆರಳೋ ಗೊತ್ತಾಗುವುದಿಲ್ಲ. ಆದರೂ ಕತ್ತು ತಾನಾಗಿ ಬಗ್ಗುತ್ತದೆ. ಮೀನು ಕಂಡರೆ, ಅದು ತಳದಲ್ಲಿದೆಯೋ ಮೇಲೆ ಬಂದಿದೆಯೋ ಎಂದು ಮೊದಲು ನೋಡುತ್ತೇನೆ. ತಳದಲ್ಲಿದ್ದರೆ ಸಮಾಧಾನ. ಮಂದಿಗೆಲ್ಲ ಮೀನು ಮೇಲೆ ಬಂದರೆ ಖುಷಿ, ಮಕ್ಕಳನ್ನು ಎತ್ತಿ ತೋರಿಸುತ್ತಾರೆ. ನನಗೆ ಎದೆ ಹೊಡೆದುಕೊಳ್ಳತೊಡಗುತ್ತದೆ. ಅದೇಕೆಂದು ಹೇಳಬೇಕಾದರೆ ನಿಮ್ಮನ್ನು ನಮ್ಮಪ್ಪನ ತೋಟಕ್ಕೆ ಕರೆದುಕೊಂಡು ಹೋಗಬೇಕು. ನಮ್ಮಪ್ಪನ ತೋಟ ಎಂದರೆ ಅಪ್ಪ ರೈಟರಾಗಿದ್ದ ಕಾಫಿ ತೋಟ. ನಮ್ಮದು ಎಂದು ಅಲ್ಲಿ ಇದ್ದದ್ದು ಒಂದು ದನ, ಮತ್ತೆ ಅಮ್ಮ ನೆಟ್ಟ ಬದನೆ ಗಿಡ.

ಅದು ಬ್ರಿಟಿಷರ ಕಾಲ. ಮಡಿಕೇರಿಯಲ್ಲಿ ಕಮಿಷನರ್ ದೊರೆ ಇದ್ದಾರೆಂದು ಕೇಳಿದ್ದೆವು. ನಮಗೆ ಗೊತ್ತಿದ್ದ ಸರಕಾರವೆಂದರೆ ತೋಟದ ದೊರೆ. ಅಪ್ಪ ಸೋಮವಾರಪೇಟೆ ಕಡೆಯವರು. ನಾಲ್ಕಕ್ಷರ ಇಂಗ್ಲಿಷ್ ಬರುತ್ತಿತ್ತೆಂದು ಶ್ರೀಮಂಗಲದ ಆಚೆಯ ಈ ತೋಟದಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಪಿಕ್ಕಿಂಗ್ ಕಾಲದಲ್ಲಿ ಕೊಯ್ದ ಹಣ್ಣು ತೂಗಿಸುವುದು, ಪಲ್ಪರ್ ಮನೆಯಲ್ಲಿ ನಿಂತು ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆಸುವುದು, ಎಲ್ಲ ಅವರದೇ. ಊರಿನವರು ಅಪ್ಪನನ್ನು ರೈಟರು ಎನ್ನುತ್ತಿದ್ದರು, ಅಮ್ಮನನ್ನು ರೈಟರಮ್ಮ. ನನ್ನನ್ನೂ ಕೆಲವರು ಸಣ್ಣ ರೈಟರಮ್ಮ ಎಂದು ಕರೆಯುತ್ತಿದ್ದುದರಿಂದ ನನಗೆ ಅಕ್ಷರ ಬರುವ ಮೊದಲೇ ಜಂಬ ಬಂದಿತ್ತು. ಆಳುಗಳ ಮನೆಗಳಿದ್ದ ಲೈನಿಗೂ ಪಲ್ಪರ್ ಮನೆಗೂ ನಡುವೆ ನಮ್ಮ ತಗಡಿನ ಮನೆ. ಪಲ್ಪರ್ ಮನೆಯ ಕೆಳಗೆ ಹೊಳೆ. ಆ ಹೊಳೆ ತೋಟದ ಬೇಲಿ ದಾಟಿ ಗದ್ದೆ ಬಯಲಿಗೆ ಇಳಿಯುವ ಜಾಗದಲ್ಲಿ ಊರಿನ ಈಶ್ವರನ ಗುಡಿ. ಗುಡಿಯ ಮೆಟ್ಟಿಲು ಹೊಳೆಗೇ ಇಳಿಯುತ್ತಿತ್ತು. ಅಲ್ಲಿ ನೀರು ಆಳವಾಗಿ, ಹಸಿರಾಗಿ, ಹರಿಯುವುದನ್ನೇ ಮರೆತಂತೆ ನಿಂತಿರುತ್ತಿತ್ತು. ಅದೇ ಮಡು.

ಮಡುವಿನ ತುಂಬ ಬಿಳಿಮೀನು. ಬಿಳಿಮೀನೆಂದರೆ ಸಣ್ಣ ಪುಟ್ಟ ಮೀನಲ್ಲ. ದೊಡ್ಡವು ಆಗಿನ ನನ್ನಷ್ಟೇ ಭಾರ ಇದ್ದವೋ ಏನೋ. ಬೆನ್ನಿನ ಮೇಲೆ ರೂಪಾಯಿ ಅಗಲದ ಹೊಳೆಯುವ ಹುರುಪೆ. ಅವು ದೇವರ ಮೀನು, ಯಾರೂ ಮುಟ್ಟುವಂತಿಲ್ಲ. ಗುಡಿಯ ಉಸ್ತುವಾರಿ ನೋಡುವ ಕೊಡವ ಮನೆತನದ ಹಿರಿಯರು ಒಬ್ಬರಿದ್ದರು, ಅವರಿಗೆ ತಕ್ಕರೆಂದು ಹೆಸರು. ನಾವು ಮಕ್ಕಳು ತಕ್ಕಜ್ಜ ಎನ್ನುತ್ತಿದ್ದೆವು. ಮಡುವಿನ ಮೀನು ತಾನಾಗಿ ಸತ್ತರೂ ಅದನ್ನು ದಡದಲ್ಲಿ ಮಣ್ಣು ಮಾಡಿ, ತಕ್ಕಜ್ಜನ ಮನೆಯವರು ತಲೆಗೆ ಸ್ನಾನ ಮಾಡುತ್ತಿದ್ದರು, ಮನೆಯವರು ಸತ್ತಾಗ ಮಾಡುವ ಹಾಗೆ. ಒಮ್ಮೆ ಹೊಸದಾಗಿ ಬಂದ ಪೊಲೀಸಿನವನೊಬ್ಬ ಗೊತ್ತಿಲ್ಲದೆ ಮಡುವಿಗೆ ಗಾಳ ಹಾಕಿದ. ಮೀನೇನೂ ಬೀಳಲಿಲ್ಲ. ಆದರೂ ತಕ್ಕಜ್ಜ ಅವನಿಂದ ತೆಂಗಿನಕಾಯಿ ಒಡೆಸಿ, ನೀರಿನ ಕಡೆ ಮುಖ ಮಾಡಿ ನಿಲ್ಲಿಸಿ, ಮೀನಿಗೆ ತಪ್ಪಾಯಿತೆಂದು ಹೇಳಿಸಿದರು. ತಲೆಗೆ ಪೇಟ, ಸೊಂಟಕ್ಕೆ ಬೆಲ್ಟು ಕಟ್ಟಿದ ಸರಕಾರ ಮೀನಿಗೆ ಕೈಮುಗಿದದ್ದನ್ನು ನಾವು ತಿಂಗಳುಗಟ್ಟಲೆ ಆಟವಾಡಿದೆವು. ಪೊಲೀಸಿನವನಾಗಲು ಯಾರೂ ಒಪ್ಪುತ್ತಿರಲಿಲ್ಲ, ಎಲ್ಲರಿಗೂ ಮೀನೇ ಆಗಬೇಕು.

ನಾವೇನೋ ಬಹಳ ಮಡಿವಂತರೆಂದು ನೀವು ತಿಳಿಯಬಾರದು. ಮಡುವಿನ ಕೆಳಗೆ ಒಂದು ಹಾಸುಬಂಡೆ. ಬಂಡೆ ದಾಟಿ ಕೆಳಗೆ ಹೋದ ಮೀನು ಊರಿನದು, ಯಾರು ಬೇಕಾದರೂ ಹಿಡಿಯಬಹುದು, ಹಿಡಿದು ತಿನ್ನುತ್ತಲೂ ಇದ್ದೆವು. ಅಮ್ಮ ಊರಿನ ಹೆಂಗಸರಿಂದ ಕಲಿತು, ಕಾಚಂಪುಳಿಯ ಕಪ್ಪು ಹುಳಿರಸ ಹಾಕಿ ಮಾಡುತ್ತಿದ್ದ ಮೀನಿನ ಸಾರಿಗೆ ಅಪ್ಪ ಹಾಜರಿ ಕೂಡ ಮರೆಯುತ್ತಿದ್ದರು. ಹಿಡಿಯುವುದಕ್ಕೂ ಒಂದು ಕ್ರಮವಿತ್ತು. ಮೊದಲ ಮಳೆಗೆ ಹೊಳೆ ಕೆಂಪಾಗಿ ಬಂದಾಗ ಮೀನು ನೀರಿನ ಎದುರು ಹತ್ತಿ, ತೋಡಿಗೆ, ಗದ್ದೆಗೆ, ಮೊಟ್ಟೆಯಿಡಲು ಬರುತ್ತದೆ. ಹೊಟ್ಟೆ ಉಬ್ಬಿಸಿಕೊಂಡು, ಕಾಲಿಗೆ ತಾಗುವಷ್ಟು ಹತ್ತಿರ ಬರುತ್ತದೆ, ಕೈಯಲ್ಲೇ ಬಾಚಬಹುದು. ಆಗ ಮುಟ್ಟುವಂತಿಲ್ಲ. ಮಳೆ ಕಡಿಮೆಯಾಗಿ ಮೀನು ಮರಿಗಳನ್ನು ಬಿಟ್ಟು ಇಳಿಯುವಾಗ ಮಾತ್ರ ಗದ್ದೆಯ ನೀರು ಹೊರಬೀಳುವ ಕಡಿಯಲ್ಲಿ ಕೂಳಿ ಇಡಬೇಕು. ಕೂಳಿಯೆಂದರೆ ಬಿದಿರಿನ ಉದ್ದ ಬುಟ್ಟಿ, ಒಳಗೆ ಹೋದ ಮೀನು ಹೊರಗೆ ಬರಲಾರದು. ಅದರ ಬಾಯಿ ಯಾವಾಗಲೂ ಗದ್ದೆಯ ಕಡೆಗಿರಬೇಕು, ಹೊಳೆಯ ಕಡೆಗೆ ತಿರುಗಿಸಿ ಇಟ್ಟವನ ಕೂಳಿಯನ್ನು ಯಾರು ಕಂಡರೂ ಮುರಿಯಬಹುದಿತ್ತು. ಬಸುರಿಯನ್ನು ದಾರಿಯಲ್ಲಿ ತಡೆದು ನಿಲ್ಲಿಸುತ್ತಾರೇನೇ ಎಂದು ಅಮ್ಮ ನನಗೆ ಹೇಳಿದ್ದಳು. ಮಡು ಒಂದನ್ನು ಉಳಿಸಿದ್ದರಿಂದಲೇ ಕೆಳಗಿನ ಬಯಲಿಗೆಲ್ಲ ಮೀನು ಇತ್ತು, ಭತ್ತದ ಬೀಜವನ್ನು ಬೇರೆ ಕಟ್ಟಿಡುವ ಹಾಗೆ, ಎನ್ನುವುದೆಲ್ಲ ನನ್ನ ತಲೆಗೆ ಹೋದದ್ದು ಬಹಳ ವರ್ಷದ ಮೇಲೆ.

ದೊರೆಯೂ ಮೀನಿನ ಹುಚ್ಚಿನವರೇ. ಭಾನುವಾರ ಹಾಸುಬಂಡೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು, ಉದ್ದನೆಯ ಕೋಲು ಹಿಡಿದು, ಮಧ್ಯಾಹ್ನದವರೆಗೂ ಕೂರುತ್ತಿದ್ದರು. ಹಿಡಿದ ಮೀನು ಸಣ್ಣದಾಗಿದ್ದರೆ ಗಾಳ ಬಿಡಿಸಿ ಮತ್ತೆ ನೀರಿಗೇ ಬಿಡುತ್ತಿದ್ದರು. ಲೈನಿನ ಹೆಂಗಸರು ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಿಡುವುದಕ್ಕೆ ಹಿಡಿಯುವುದೇಕೆ, ಹಿಡಿಯುವುದಕ್ಕೆ ಕೂರುವುದೇಕೆ ಎಂದು. ರಸ್ತೆ ಕೆಲಸದವರು ಬಂಡೆ ಒಡೆಯುವ ತೋಟೆ ತಂದು ಹೊಳೆಗೆ ಎಸೆದು ಮೀನು ಹಿಡಿಯುತ್ತಾರೆಂದು ದೊರೆ ಒಬ್ಬ ಕಾವಲುಗಾರನನ್ನು ಬೇರೆ ಇಟ್ಟಿದ್ದರು. ಇದನ್ನೇಕೆ ಹೇಳಿದೆನೆಂದರೆ, ಮುಂದಿನದನ್ನು ಕೇಳಿ ನೀವು ಅವರನ್ನು ರಾಕ್ಷಸರೆಂದು ತಿಳಿಯಬಾರದು. ಹಾಗಿದ್ದಿದ್ದರೆ ನನಗೂ ಸುಲಭವಾಗುತ್ತಿತ್ತು.

ನನಗೊಬ್ಬ ತಮ್ಮನಿದ್ದ, ಶಿವು. ನನಗಿಂತ ತುಂಬ ಚಿಕ್ಕವನು. ಅವನಿಗೆ ಮಾತು ಬರುವುದಕ್ಕಿಂತ ಮೊದಲು ಚಳಿಜ್ವರ ಬಂತು. ಆಗ ಆ ಕಡೆಯಲ್ಲಿ ಚಳಿಜ್ವರ ಬಾರದ ಮನೆಯೇ ಇರಲಿಲ್ಲ, ಆದರೆ ಇವನಿಗೆ ಬಂದದ್ದು ಹೋಗಲಿಲ್ಲ. ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿ ಗಟ್ಟಿ. ಜ್ವರ ಇಳಿದ ದಿನ ನನ್ನ ಜಡೆ ಎಳೆದು, ಕೋಳಿಗಳನ್ನು ಓಡಿಸಿ, ಇಡೀ ಮನೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ. ಇವನಿಗೆ ಜ್ವರ ಬಂದರೇ ಚೆಂದ ಎಂದು ನಾನು ಒಮ್ಮೆ ಸಿಟ್ಟಿನಲ್ಲಿ ಅಂದು ಅಮ್ಮನಿಂದ ಪೆಟ್ಟು ತಿಂದಿದ್ದೇನೆ. ಔಷಧಿ ಎಂದರೆ ಕ್ವಿನೈನ್. ಅದು ದೊರೆಯ ಬಂಗಲೆಯ ಬೀರುವಿನಲ್ಲಿತ್ತು. ಬೀರುವಿನ ಬೀಗದಕೈ ದೊರೆಯ ಸೊಂಟದಲ್ಲಿತ್ತು. ಅಪ್ಪ ಛತ್ರಿ ಮಡಚಿ ಜಗಲಿಯ ಕೆಳಗೆ ನಿಂತರೆ ದೊರೆ ಏನೂ ಕೇಳದೆ ಹೋಗಿ ಬೀರು ತೆಗೆಯುತ್ತಿದ್ದರು.

ಅಮ್ಮ ಹರಕೆ ಹೊತ್ತಳು. ಪುತ್ತರಿಯ ಹೊತ್ತಿಗೆ, ಅಂದರೆ ಹೊಸ ಅಕ್ಕಿಯ ಹಬ್ಬಕ್ಕೆ, ಇವನ ಜ್ವರ ಬಿಟ್ಟರೆ, ಇವನ ಕೈಯಿಂದಲೇ ಹೊಸ ಅಕ್ಕಿಯನ್ನು ಮಡುವಿನ ಮೀನಿಗೆ ಹಾಕಿಸುತ್ತೇನೆ ಎಂದು. ಹೀಗೆ ಹರಕೆ ಹೊರುವುದು ಅಲ್ಲಿನ ಪದ್ಧತಿಯೇ. ಹಾಕಿದಾಗ ಮೀನು ಮೇಲೆ ಬಂದರೆ ದೇವರು ಒಪ್ಪಿದ ಹಾಗೆ. ಬಾರದೆ ತಳದಲ್ಲೇ ನಿಂತರೆ ಬರುವ ವರ್ಷ ಮತ್ತೆ ಹಾಕಬೇಕು. ಹಬ್ಬ ಹತ್ತಿರವಾದ ಹಾಗೆ ಶಿವುವಿನ ಜ್ವರ ನಿಜವಾಗಿಯೂ ಇಳಿಯಿತು, ಒಂದಿಷ್ಟು ಕೆನ್ನೆಯೂ ತುಂಬಿತು.

ಆ ವರ್ಷ ಗಿಡ ಬಗ್ಗುವಷ್ಟು ಫಸಲು. ಪಲ್ಪರಿಗೆ ಬಿಡುವೇ ಇರಲಿಲ್ಲ. ಹಣ್ಣು ತೊಳೆದ ನೀರು ಲೋಳೆಲೋಳೆ, ಒಂದು ದಿನ ನಿಂತರೆ ಹುಳಿ ನಾತ ಹೊಡೆಯುತ್ತದೆ. ಅದನ್ನು ಹೊಳೆಗೆ ಬಿಡದೆ ಪಕ್ಕದ ದೊಡ್ಡ ಗುಂಡಿಗಳಲ್ಲಿ ಇಂಗಿಸುವುದು ವಾಡಿಕೆ. ಗುಂಡಿಗಳು ವರ್ಷ ವರ್ಷದ ಸಿಪ್ಪೆ, ಮಣ್ಣು ಕೂತು ಹೂತುಹೋಗಿದ್ದವು. ತೋಡಿಸಬೇಕೆಂದು ಅಪ್ಪನಿಗೆ ಮಳೆಗಾಲ ಮುಗಿದಾಗಲೇ ಅನ್ನಿಸಿತ್ತಂತೆ. ಅಷ್ಟರಲ್ಲಿ ಪಿಕ್ಕಿಂಗ್ ಬಂತು. ಹಣ್ಣು ಗಿಡದಲ್ಲಿ ಒಣಗುತ್ತಿರುವಾಗ ಆಳುಗಳನ್ನು ಗುಂಡಿ ತೋಡಲು ಕಳಿಸಿ ಎಂದು ದೊರೆಯ ಮುಂದೆ ಹೇಳುವುದುಂಟೇ? ಪಿಕ್ಕಿಂಗ್ ಕಾಲದಲ್ಲಿ ದೊರೆಗೆ ಮೂಗಿನ ತುದಿಯಲ್ಲೇ ಕೋಪ. ಸಿಟ್ಟಿಗೆದ್ದು ಇನ್ನು ಬಂಗಲೆಗೆ ಬರಬೇಡ ಎಂದುಬಿಟ್ಟರೆ ಬೀರು ತೆಗೆಯುವವರಾರು? ಅಪ್ಪ ಇಂದು ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡಿದರು. ಗುಂಡಿ ತುಂಬಿ, ಉಕ್ಕಿ, ಹೊಳೆಯ ದಾರಿ ಹಿಡಿಯಿತು.

ಪುತ್ತರಿಯ ಮಾರನೆಯ ಬೆಳಿಗ್ಗೆ ಅಮ್ಮ ಶಿವುವಿಗೆ ಹೊಸ ಅಂಗಿ ತೊಡಿಸಿ, ಸೊಂಟದ ಮೇಲೆ ಎತ್ತಿಕೊಂಡಳು. ಅಕ್ಕಿಯ ತಟ್ಟೆ ನನ್ನ ಕೈಯಲ್ಲಿ. ಗುಡಿಯ ಹತ್ತಿರ ಬರುತ್ತಿದ್ದ ಹಾಗೆಯೇ ಗದ್ದಲ ಕೇಳಿಸಿತು. ತಕ್ಕಜ್ಜ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಎತ್ತಿ ಮುಗಿಯುತ್ತಿದ್ದರು. ಮಡುವಿನ ಮೀನೆಲ್ಲ ಮೇಲೆ ಬಂದಿತ್ತು. ಯಾರೂ ಕಂಡಿರದ, ತಳದ ಬಂಡೆಯ ಸಂದಿಯಲ್ಲಿ ಮುದಿಯಾದ ಮೀನುಗಳು ಕೂಡ ಬಂದಿದ್ದವು. ನೀರಿನ ಮೇಲೆಲ್ಲ ಬಾಯಿಗಳು, ತೆರೆಯುತ್ತವೆ, ಮುಚ್ಚುತ್ತವೆ.

“ನೋಡಿ ರೈಟರಮ್ಮ, ನನ್ನ ಅಜ್ಜನ ಕಾಲದಲ್ಲಿಯೂ ಹೀಗೆ ಬಂದದ್ದಿಲ್ಲ,” ಎಂದರು ತಕ್ಕಜ್ಜ. “ನಿಮ್ಮ ಕುಂಞಿಯ ಅಕ್ಕಿಗೆ ಕಾಯ್ತಾ ಉಂಟು.”

ಅಮ್ಮ ಅತ್ತಳು. ಶಿವುವನ್ನು ಕೊನೆಯ ಮೆಟ್ಟಿಲಿಗೆ ಇಳಿಸಿ, ಅವನ ಮುಷ್ಟಿಗೆ ಅಕ್ಕಿ ತುಂಬಿ ಹಾಕಿಸಿದಳು. ಮೀನು ಓಡಿಹೋಗಲಿಲ್ಲ. ಶಿವು ಒಂದರ ತಲೆಯನ್ನೇ ಮುಟ್ಟಿ ನಕ್ಕ. ಸುದ್ದಿ ಊರಿಗೆ ಹಬ್ಬಿತು. ಮನೆಮನೆಯಿಂದ ಅಕ್ಕಿ ಬಂತು, ಅರಳು ಬಂತು, ಬೆಲ್ಲ ಬಂತು. ಹಬ್ಬದ ತಂಬಿಟ್ಟನ್ನೂ ಮುರಿದು ಹಾಕಿದರು. ನಾನೂ ಹಾಕಿದೆ. ಅಷ್ಟು ಸಂತೋಷದ ಬೆಳಿಗ್ಗೆ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ, ಅದನ್ನು ಹೇಳಲು ಈಗ ನಾಲಿಗೆ ಬರುವುದಿಲ್ಲ. ಮೀನುಗಳಿಗೆ ಹಸಿವಾಗಿರಲಿಲ್ಲ. ಹುಳಿ ನೀರು ಹೊಳೆಯ ಉಸಿರನ್ನೇ ತಿಂದುಬಿಟ್ಟಿತ್ತು, ಅವು ಗಾಳಿಗಾಗಿ ಬಾಯಿ ತೆರೆಯುತ್ತಿದ್ದವು. ನಾವೆಲ್ಲ ಕೈಮುಗಿದು, ಆ ಬಾಯಿಗಳ ಮೇಲೆ ಬೆಲ್ಲ, ಹಿಟ್ಟು ಸುರಿದು ಇದ್ದ ನೀರನ್ನೂ ಕೆಡಿಸಿದೆವು.

ಅಪ್ಪ ಪಲ್ಪರ್ ಮನೆಯಿಂದ ತಡವಾಗಿ ಬಂದರು. ಬಂದವರು ನೀರನ್ನು ನೋಡಿದರು, ಬೊಗಸೆಯಲ್ಲಿ ಎತ್ತಿ ಮೂಸಿದರು. ಎಲ್ಲಾ ಬಂದಿದಾವೆ ನೋಡಿದ್ರಾ ಎಂದು ಅಮ್ಮ ಕೇಳಿದ್ದಕ್ಕೆ ಹೂಂ ಎಂದರು. ಆಮೇಲೆ ಬಂದ ದಾರಿಯಲ್ಲಿ ಓಡಿದರು. ಅಪ್ಪ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೋಗಿ ಮಣ್ಣಿನ ಚೀಲ ಒಟ್ಟಿ ಗುಂಡಿಯ ಕೋಡಿ ಕಟ್ಟಿದರಂತೆ. ಸಂಜೆಯೊಳಗೆ ಅದು ಕಿತ್ತುಕೊಂಡು ಹೋಯಿತು.

ಮರುದಿನ ಮಡು ಬೆಳ್ಳಗಿತ್ತು. ಬಿಳಿಮೀನಿನ ಹೊಟ್ಟೆ ಬಿಳಿ. ಒಂದೊಂದು ಮೀನಿಗೆ ಒಂದೊಂದು ಗುಂಡಿ ತೋಡುವ ಊರು, ಅವತ್ತು ಕಾಫಿ ಹಣ್ಣು ಕೊಯ್ಯುವ ಬುಟ್ಟಿಗಳಲ್ಲಿ ಹೊತ್ತು, ಗದ್ದೆಯ ಬದಿಯಲ್ಲಿ ಒಂದೇ ಕಾಲುವೆ ತೆಗೆದು ಮುಚ್ಚಿತು. ಯಾರೂ ಒಂದು ಮೀನನ್ನೂ ಮನೆಗೆ ಒಯ್ಯಲಿಲ್ಲ. ತಕ್ಕಜ್ಜನ ಮನೆಯವರಷ್ಟೇ ಅಲ್ಲ, ಇಡೀ ಊರು ಹಾಸುಬಂಡೆಯ ಕೆಳಗೆ ಇಳಿದು ತಲೆಗೆ ಸ್ನಾನ ಮಾಡಿತು. ನೀರು ಆಗಲೂ ನಾರುತ್ತಿತ್ತು. ದೊರೆ ಸುದ್ದಿ ಕೇಳಿ ಕೆಂಡವಾದರು. ಇದು ತೋಟೆ ಹಾಕುವವರ ಕೆಲಸವೇ ಎಂದು ಇನ್ನೂ ಇಬ್ಬರು ಕಾವಲುಗಾರರನ್ನು ಇಟ್ಟರು, ಅವರ ಹೆಸರನ್ನು ಹಾಜರಿಗೆ ಸೇರಿಸಲು ಅಪ್ಪನಿಗೇ ಹೇಳಿದರು. ಅಪ್ಪ ಸೇರಿಸಿದರು.

ಊರು ಬೇರೆಯೇ ಅರ್ಥ ಮಾಡಿತು. ಹರಕೆಯ ಮಗುವಿನ ಜ್ವರವನ್ನು ದೇವರ ಮೀನು ತಾವು ತೆಗೆದುಕೊಂಡವು ಎಂದಿತು. ಶಿವುವಿಗೆ ಜ್ವರ ಬಿಟ್ಟದ್ದು ಎಲ್ಲರ ಕಣ್ಣ ಮುಂದೆಯೇ ಇತ್ತಲ್ಲ. ಅವನನ್ನು ಕಂಡರೆ ಹಣೆ ಮುಟ್ಟಿ ಹೋಗುವವರೂ ಇದ್ದರು. ಅಮ್ಮನಿಗೆ ಇದರಿಂದ ನೆಮ್ಮದಿಯೂ ಆಯಿತು, ಭಯವೂ ಆಯಿತು. ಶಿವು ನಕ್ಕಾಗಲೆಲ್ಲ ಅವಳು ಒಮ್ಮೆ ಹೊಳೆಯ ಕಡೆ ನೋಡುತ್ತಿದ್ದಳು. ಊಟ ಸೇರದೆ ಸೊರಗಿದಳು. ಅಪ್ಪ ಇದನ್ನು ನೋಡಲಾರದೆ ಒಂದು ದಿನ ಅಡಿಗೆಮನೆಯಲ್ಲಿ ಹೇಳಿಯೇಬಿಟ್ಟರು, ನಾನು ಹೊಸ್ತಿಲಲ್ಲಿ ಹುರುಳಿ ಆರಿಸುತ್ತಿದ್ದೆ.

“ನೋಡು, ಅದು ಹರಕೆಯಿಂದ ಆದದ್ದಲ್ಲ. ಪಲ್ಪರ್ ನೀರು ಹೊಳೆಗೆ ಹೋಯ್ತು. ಉಸಿರು ಕಟ್ಟಿ ಮೇಲೆ ಬಂದದ್ದು ಅವು.”

ಅಮ್ಮ ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದಳು. “ಹಾಗಾದ್ರೆ ಶಿವೂಗೆ ಜ್ವರ ಬಿಟ್ಟದ್ದು?”

“ಕ್ವಿನೈನಿಂದ.”

“ಕ್ವಿನೈನ್ ಹೋದ ವರ್ಷವೂ ಕೊಟ್ಟಿದ್ವಲ್ಲ,” ಎಂದಳು ಅಮ್ಮ. “ಈ ಮಾತು ಇನ್ನೊಂದ್ಸಲ ಆಡ್ಬೇಡಿ. ಅವು ನಮ್ಮ ಹುಡುಗನಿಗೋಸ್ಕರ ಹೋದ್ವು.”

ಅಪ್ಪ ಮತ್ತೆ ಆಡಲಿಲ್ಲ. ಹೇಗೆ ಆಡಿಯಾರು? ಹರಕೆ ಸುಳ್ಳಾದರೆ ಜ್ವರ ಬಿಟ್ಟದ್ದೂ ಸುಳ್ಳಾಗಬಹುದಲ್ಲ. ಇನ್ನು ಗುಂಡಿಯ ವಿಷಯ. ತೋಡಿಸಬೇಕಾದರೆ ದೊರೆಯ ಅಪ್ಪಣೆ ಬೇಕು. ಯಾಕೆಂದು ಕೇಳಿದರೆ ಮೀನು ಸತ್ತದ್ದು ನಮ್ಮ ನೀರಿನಿಂದ ಎನ್ನಬೇಕು, ಗೊತ್ತಿದ್ದೂ ಸುಮ್ಮನಿದ್ದೆ ಎಂದೂ ಹೇಳಬೇಕು. ಬೀರು ಇನ್ನೂ ಬೇಕಾಗಿತ್ತು.

ಅಮ್ಮ ಮಾತ್ರ ಸುಮ್ಮನೆ ಕೂರಲಿಲ್ಲ. ಹಬ್ಬ ಕಳೆದು ಬಂದ ಮೊದಲ ಮಳೆಗೆ, ಕೆಳಗಿನ ನದಿಯಿಂದ ಹತ್ತಿ ಬಂದ ಮೀನು ಗದ್ದೆಯಲ್ಲಿ ಮೊಟ್ಟೆಯಿಟ್ಟವು. ಮಳೆ ನಡುವೆ ಬಿಡುವು ಕೊಟ್ಟಾಗ ಮರಿಗಳು ಗದ್ದೆಯ ಗುಂಡಿಗಳಲ್ಲಿ ಸಿಕ್ಕಿ ಒದ್ದಾಡುತ್ತಿದ್ದವು. ಅಮ್ಮ ತಲೆಗೆ ಮಳೆ ತಡೆಯುವ ಗೊರಗ ಹಾಕಿಕೊಂಡು, ಸೆರಗಿನಿಂದ ಅವುಗಳನ್ನು ಸೋಸಿ, ಹಿತ್ತಾಳೆ ಬಿಂದಿಗೆಯಲ್ಲಿ ಹಾಕಿ, ಮಡುವಿಗೆ ಬಿಡತೊಡಗಿದಳು. ಯಾವುದು ಬಿಳಿಮೀನಿನ ಮರಿ, ಯಾವುದು ಕಪ್ಪೆಯ ಮರಿ ಎಂದು ಅವಳಿಗೇನು ಗೊತ್ತು? ಎಷ್ಟೋ ಸಲ ಬಿಂದಿಗೆ ತುಂಬ ಕಪ್ಪೆಮರಿ ಹೊತ್ತು ಹೋಗಿ ಬಿಟ್ಟು ಬಂದಿದ್ದಾಳೆ. ನಾನು ನಕ್ಕರೆ, ಇರಲಿ ಬಿಡೇ, ಅವೂ ಇರಲಿ ಎನ್ನುತ್ತಿದ್ದಳು. ಬಿಂದಿಗೆ ಭಾರವಾದರೆ ಅಪ್ಪ ಹೊರುತ್ತಿದ್ದರು. ಬರುವ ಪುತ್ತರಿಗೆ ಈ ಮರಿಗಳ ಗತಿ ಏನೆಂದು ಗೊತ್ತಿದ್ದ ಒಬ್ಬರೇ ಒಬ್ಬರು, ಅವನ್ನು ತಾವೇ ಹೊತ್ತು ತಂದು ಬಿಡುತ್ತಿದ್ದರು. ಆ ಮುಖವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಕ್ಕಡ ತಿಂಗಳ ಜಡಿಮಳೆಯಲ್ಲಿ ಶಿವುವಿಗೆ ಜ್ವರ ಮರಳಿ ಬಂತು. ಈ ಸಲ ನಡುಕ ಹೆಚ್ಚಿಲ್ಲ, ಕಣ್ಣು ಮಾತ್ರ ಹಳದಿ. ಅಪ್ಪ ಹೊಳೆಯಂತಾದ ದಾರಿಯಲ್ಲಿ ಬಂಗಲೆಗೆ ಹೋಗಿ ಬಂದರು, ದೊರೆ ಬೀರು ತೆಗೆದರು, ಬೆಲ್ಲದಲ್ಲಿ ಅದ್ದಿ ಕೊಟ್ಟ ಕ್ವಿನೈನನ್ನು ಅವನು ಎಂದಿನ ಹಾಗೆ ಉಗುಳಲೂ ಇಲ್ಲ. ವಾರ ಕಳೆಯುವ ಮೊದಲೇ ಹೋಗಿಬಿಟ್ಟ. ಇದನ್ನು ಹೆಚ್ಚು ಬರೆಯಲಾರೆ. ಅವನ ಹೊಸ ಅಂಗಿ ಅವನಿಗೆ ಇನ್ನೂ ದೊಡ್ಡದಾಗಿಯೇ ಇತ್ತು.

ಅಮ್ಮ ಅಳುವುದನ್ನು ಮುಗಿಸಿ, ಮಾತಾಡುವುದನ್ನೂ ನಿಲ್ಲಿಸಿದಳು. ಹಾಲು ಕರೆದಳು, ಅಡಿಗೆ ಮಾಡಿದಳು, ನನ್ನ ತಲೆ ಬಾಚಿದಳು, ಎಲ್ಲ ಬಾಯಿಲ್ಲದವಳಂತೆ. ಮಳೆ ಬಿಟ್ಟಿತು. ಹೊಳೆ ತಿಳಿಯಾಯಿತು. ಮನೆಯ ಹಿಂದಿನ ಕಾಫಿ ಗಿಡಗಳಲ್ಲಿ ಕಾಯಿ ಕೆಂಪಿಗೆ ತಿರುಗುತ್ತಿತ್ತು. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದಾಗ ಅಮ್ಮ ಅನ್ನ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ನೀವು ಅವತ್ತು ಹೇಳಿದ್ದು ನಿಜವಾ? ಪಲ್ಪರ್ ನೀರು ಅಂತ?”

ಅಪ್ಪ ತಟ್ಟೆಯಿಂದ ತಲೆಯೆತ್ತದೆ ನಿಜ ಎಂದರು.

“ಹಾಗಾದ್ರೆ ಮೀನೂ ಸುಮ್ನೆ ಸತ್ವು,” ಎಂದಳು ಅಮ್ಮ.

ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅಪ್ಪ ಊಟ ಮುಗಿಸುತ್ತಿದ್ದರೋ ಏನೋ. ಅವರು ಕೈ ತೊಳೆದು ಎದ್ದರು. ಅಮ್ಮ ತಟ್ಟೆ ಎತ್ತಿಕೊಂಡು, ಈಗ ಹೋಗಿ ದೊರೆಗೆ ಹೇಳಿ, ಹಣ್ಣು ಕೊಯ್ಯೋ ಮೊದ್ಲೇ ಗುಂಡಿ ಆಗ್ಬೇಕು, ಮಡುವಲ್ಲಿ ಸಣ್ಣ ಮೀನಿದಾವೆ ಎಂದಳು. ತಿಂಗಳುಗಳ ಮೇಲೆ ಅವಳು ಆಡಿದ ಉದ್ದದ ಮಾತು ಅದು. ಅಪ್ಪ ಛತ್ರಿ ತೆಗೆದುಕೊಂಡರು. ಶಿವು ಹೋದಮೇಲೆ ನಾನು ಮನೆಯಲ್ಲಿ ಒಬ್ಬಳೇ ಇರಲು ಹೆದರುತ್ತಿದ್ದೆ. ಅಪ್ಪ ಎಲ್ಲಿಗೆ ಹೊರಟರೂ ಅವರ ಬೆರಳು ಹಿಡಿದು ಹೊರಡುತ್ತಿದ್ದೆ. ಅಂದೂ ಹೊರಟೆ.

ದೊರೆ ಜಗಲಿಯಲ್ಲಿ ಪೈಪು ಸೇದುತ್ತಾ ಕೂತಿದ್ದರು. ಅಪ್ಪ ಕೆಳಗೆ ನಿಂತು ಛತ್ರಿ ಮಡಚಿದ ಕೂಡಲೇ ಅವರ ಕೈ ತಾನಾಗಿ ಸೊಂಟದ ಬೀಗದಕೈಗೆ ಹೋಯಿತು. ಎದ್ದೂಬಿಟ್ಟರು. ಅಪ್ಪ ಬೇಡವೆಂದು ತಲೆಯಾಡಿಸಿದರು. ಆಗ ನೆನಪಾಗಿರಬೇಕು, ದೊರೆಯ ಮುಖ ಕೆಂಪಾಗಿ, ಬೀಗದಕೈ ಬಿಟ್ಟು ಮತ್ತೆ ಕೂತರು. ಅಪ್ಪ ಹೇಳಿದರು. ಗುಂಡಿ ತುಂಬಿದ್ದು, ನೀರು ಹೊಳೆಗೆ ಹೋದದ್ದು, ಮೀನು ಮೇಲೆ ಬಂದದ್ದು, ತಮಗೆ ಗೊತ್ತಿದ್ದದ್ದು, ಎಲ್ಲ ಒಂದೇ ಉಸಿರಿನಲ್ಲಿ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ದೊರೆ ಪೈಪನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ನಾನು ಅಪ್ಪನ ಬೆರಳನ್ನು ಬಿಗಿಯಾಗಿ ಹಿಡಿದು, ಈಗ ಬೈಯುತ್ತಾರೆ ಎಂದು ಕಾದೆ.

“ಗುಂಡಿ ತೋಡೋದು ಏನು ದೊಡ್ಡ ಕೆಲಸ?” ಎಂದರು ದೊರೆ. “ಯಾಕೆ ಆಗಲೇ ಹೇಳ್ಲಿಲ್ಲ, ರೈಟರ್?”

ನಾಳೆಯೇ ಆಳು ಹಾಕಿ, ಎಷ್ಟು ಬೇಕೋ ಅಷ್ಟು ತೆಗೆಸಿ ಎಂದು ದೊರೆ ಹೇಳಿದರು. ಹೋಗಿ ನಿಂತ ಜಾಗದಲ್ಲಿ ನಮ್ಮ ನೆರಳು ಕೂಡ ಸರಿದಿರಲಿಲ್ಲ, ಅಷ್ಟು ಬೇಗ ಕೆಲಸ ಆಗಿಹೋಯಿತು.

ಆದರೆ ಅಪ್ಪ ಮನೆಗೆ ತಿರುಗಲಿಲ್ಲ. ತೋಟದ ನಡುವಿನ ಕಲ್ಲಿನ ಮೇಲೆ, ಛತ್ರಿ ಮೊಣಕಾಲಿಗೆ ಅಡ್ಡ ಇಟ್ಟುಕೊಂಡು ಕೂತರು. ನಾನೂ ಪಕ್ಕದಲ್ಲಿ ಕೂತೆ. ಹಸಿವಾಗುತ್ತದೆ ಎಂದು ಹೇಳಲು ಧೈರ್ಯ ಬರಲಿಲ್ಲ. ಬಿಸಿಲು ಇಳಿಯುವವರೆಗೂ ಕೂತು, ಆಮೇಲೆ ಎದ್ದರು.

ಅಮ್ಮ ಅಂಗಳದಲ್ಲಿ ಕಾಯುತ್ತಿದ್ದಳು. ಒಪ್ಪಿದ್ರಾ ಎಂದಳು. ಒಪ್ಪಿದರು, ನಾಳೆಯಿಂದಲೇ ಕೆಲಸ ಎಂದರು ಅಪ್ಪ.

“ಇಷ್ಟು ಹೊತ್ತಾಯ್ತಲ್ಲ. ತುಂಬಾ ಕೇಳ್ಕೋಬೇಕಾಯ್ತಾ?”

“ಹೂಂ. ತುಂಬಾ ಕೇಳ್ಕೊಂಡೆ,” ಎಂದರು ಅಪ್ಪ. “ಹೋದ ವರ್ಷ ಹೇಳಿದ್ರೆ ಒಪ್ತಾನೇ ಇರ್ಲಿಲ್ಲ.”

ಅಮ್ಮ ತಲೆಯಾಡಿಸಿದಳು. ಅಪ್ಪ ನನ್ನ ಕಡೆ ನೋಡಲಿಲ್ಲ, ನನ್ನ ಬೆರಳನ್ನೂ ಬಿಡಲಿಲ್ಲ.